ನನ್ನೊಬ್ಬಳಿಗೆ ಮಾತ್ರ ಕೇಳುತ್ತಿದ್ದ ಫೋನು

ನಾನು ಯಾರ ಜೊತೆಗಾದರೂ ಹೊಂದಿಕೊಂಡು ಹೋಗುವ ಹೆಣ್ಣುಮಗಳು. ಈ ಮಾತನ್ನು ನಾನೇ ಹೇಳಬೇಕಾಗಿದೆ, ಯಾಕೆಂದರೆ ಇದುವರೆಗೆ ಬೇರೆ ಯಾರೂ ಹೇಳಿಲ್ಲ. ಬೆಳಗಾವಿಯ ಕೋಟೆಯ ಹತ್ತಿರ ಒಂದು ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದೆ. ಜಗಳವಿಲ್ಲ, ತಂಟೆಯಿಲ್ಲ. ಹೀಗಾಗಿ ಖಾನಾಪುರಕ್ಕೆ ವರ್ಗವಾದಾಗ ಮನೆಯಲ್ಲಿ ಎಲ್ಲರೂ ಕಳವಳಪಟ್ಟರೂ ನಾನು ಧೈರ್ಯವಾಗಿದ್ದೆ. ಮುಂಜಾನೆ ಒಂದು ಬಸ್ಸು ಹಿಡಿಯುವುದು, ಸಂಜೆ ಒಂದು ಬಸ್ಸು ಹಿಡಿಯುವುದು, ನಡುವೆ ಒಂದಿಷ್ಟು ಕೆಲಸ. ಅದರಲ್ಲೇನು ಕಷ್ಟ?

ಕಷ್ಟ ಇದ್ದದ್ದು ಮಧ್ಯಾಹ್ನ ಹನ್ನೆರಡೂವರೆಗೆ.

ಕಚೇರಿ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ಅಲ್ಲಿ ನನಗೆ ಚಹಾ ಸಿಗಲಿಕ್ಕಿಲ್ಲ. ಒಂದು ಉದ್ದನೆಯ ಕೋಣೆ, ಬಾಗಿಲ ಬಳಿ ಜನ ಬಂದು ನಿಲ್ಲುವ ಕೌಂಟರು, ಹಿಂದೆ ಹಳೆಯ ದಾಖಲೆಗಳ ಕೋಣೆ. ಸಾಹೇಬರಿಗೆ ಬೇರೆ ಕೋಣೆ. ಹೊರಗೆ ನಾವು ನಾಲ್ಕು ಜನ. ಕಂಪ್ಯೂಟರಿನ ಮುಂದೆ ಗಿರಿಜಾ, ಕಡತಗಳನ್ನು ಹೊತ್ತು ತಿರುಗುವ ಜವಾನ ಮಲ್ಲಪ್ಪ, ಕೌಂಟರನ್ನೂ ದಾಖಲೆ ಕೋಣೆಯನ್ನೂ ನೋಡಿಕೊಳ್ಳುವ ಗುರವರು, ಮತ್ತೆ ಹೊಸದಾಗಿ ಬಂದ ನಾನು.

ಗುರವರಿಗೆ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬರುತ್ತಿದ್ದ ಬಹಳ ಮರ್ಯಾದಸ್ಥ ಮನುಷ್ಯ. ಎಷ್ಟು ಹಳೆಯ ಕಾಗದ ಕೇಳಿದರೂ ಯಾವ ಗಂಟಿನಲ್ಲಿದೆ ಎಂದು ಕುಳಿತಲ್ಲಿಂದಲೇ ಹೇಳುತ್ತಿದ್ದರು. ದಿನಾ ಹನ್ನೆರಡೂವರೆಗೆ ಕಾಡಂಚಿನ ಹಳ್ಳಿಯಿಂದ ಅವರ ಅಕ್ಕನ ಫೋನು ಬರುತ್ತಿತ್ತು. ಗುರವರು ಫೋನನ್ನು ಮೇಜಿನ ನಡುವೆ ಇಟ್ಟು, ಸ್ಪೀಕರ್ ಒತ್ತಿ, ಪುರಾಣ ಕೇಳುವವರ ಹಾಗೆ ಕೈಕಟ್ಟಿ ಕೂರುತ್ತಿದ್ದರು. ಮುಂದಿನ ಹದಿನೈದು ನಿಮಿಷ ಅಕ್ಕನ ದನಿ ನಮ್ಮ ಕಚೇರಿಯ ಮೂಲೆಮೂಲೆಯನ್ನೂ ತುಂಬುತ್ತಿತ್ತು. ಅವರು ಅಕ್ಕನನ್ನು ಮರಾಠಿಯಲ್ಲಿ 'ತಾಈ' ಎನ್ನುತ್ತಿದ್ದುದರಿಂದ ಮೊದಲ ವಾರ ತಾಯಿಯ ಹತ್ತಿರ ಮಾತನಾಡುತ್ತಿದ್ದಾರೆಂದು ತಿಳಿದು ಸುಮ್ಮನಿದ್ದೆ. ಅಕ್ಕ ಎಂದು ಗೊತ್ತಾದ ಮೇಲೆ ನನ್ನ ತಾಳ್ಮೆ ಅರ್ಧಕ್ಕೆ ಇಳಿಯಿತು.

ತಾಈಯವರ ಮೊಣಕಾಲು, ಅವರ ಸೊಸೆ ಮಾಡಿದ ಪಲ್ಯ, ಬಾವಿಯ ಮೋಟರು, ಎಲ್ಲಕ್ಕಿಂತ ಹೆಚ್ಚಾಗಿ ಅವರ ಎಮ್ಮೆ. ನಾನು ಬೆಳಗಾವಿಯವಳು, ಮರಾಠಿ ತಿಳಿಯುತ್ತದೆ. ತಿಳಿಯದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಶ್ಚರ್ಯವೆಂದರೆ ಇದು ಬೇರೆ ಯಾರಿಗೂ ಕೇಳಿಸುತ್ತಲೇ ಇರಲಿಲ್ಲ. ಗಿರಿಜಾ ಟೈಪು ಮಾಡುತ್ತಲೇ ಇರುತ್ತಿದ್ದಳು. ಮಲ್ಲಪ್ಪ ಶಿಕ್ಕಾ ಒತ್ತುತ್ತಲೇ ಇರುತ್ತಿದ್ದ. ಒಮ್ಮೆ ನಾನು ಗಿರಿಜಾಳ ಹತ್ತಿರ ಹೋಗಿ, ಫೋನಿನ ಗದ್ದಲದಲ್ಲಿ ಕೆಲಸ ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದೆ. ಆಕೆ ನನ್ನನ್ನು ಒಂದು ಕ್ಷಣ ನೋಡಿ, ಪ್ರಿಂಟರಿಗೆ ಹಾಳೆ ಹಾಕಬೇಕು ಎಂದು ಎದ್ದು ಹೋದಳು.

ಒಂದು ಮುಳ್ಳು ಚುಚ್ಚಿದ ಮೇಲೆ ಉಳಿದವೂ ಕಾಣತೊಡಗುತ್ತವೆ. ಗುರವರು ಪ್ರತಿಯೊಬ್ಬರ ಹೆಸರನ್ನೂ ಎರಡೆರಡು ಸಲ ಕೇಳುತ್ತಿದ್ದರು. ಮಲ್ಲಪ್ಪ ಬಂದವರಿಗೆಲ್ಲ ಒಂದು ಚೀಟಿ ಕೊಟ್ಟು, ಹೆಸರು, ಊರು ಬರೆಸಿ ಗುರವರ ಮುಂದೆ ಇಡುತ್ತಿದ್ದ. ಬಾಯಿಂದ ಹೇಳಿದರೆ ಆಗುವ ಕೆಲಸಕ್ಕೆ ಇಷ್ಟು ಕಾಗದ. ಗಿರಿಜಾಳ ಮೇಜು ಕಿಟಕಿಗೆ ಅಡ್ಡವಾಗಿ, ಗುರವರ ಬಲಕ್ಕೆ ಓರೆಯಾಗಿ ನಿಂತಿತ್ತು. ಅದನ್ನು ಸುತ್ತಿಕೊಂಡು ಹೋಗುವಾಗೆಲ್ಲ ನನ್ನ ಸೊಂಟಕ್ಕೆ ಅದರ ಮೂಲೆ ತಗಲುತ್ತಿತ್ತು. ಯಾರಿಗೂ ಇದೊಂದೂ ಕಾಣುವುದಿಲ್ಲವಲ್ಲ, ಈ ಕಚೇರಿಯಲ್ಲಿ ಕಣ್ಣು ಕಿವಿ ಇರುವವಳು ನಾನೊಬ್ಬಳೇ ಎಂದು ನನಗೆ ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು.

ಸಂಜೆ ಮನೆಗೆ ಬಂದು ಎಲ್ಲವನ್ನೂ ನಮ್ಮ ಮನೆಯವರ ಮುಂದೆ ಹೇಳುತ್ತಿದ್ದೆ. ಅವರು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಮೇಲ್ವಿಚಾರಕರು. ಮೂವತ್ತು ವರ್ಷ ಯಂತ್ರದ ಪಕ್ಕದಲ್ಲಿ ನಿಂತು ನಿಂತು, ಮನೆಯಲ್ಲಿಯೂ ನಡುವೆ ಒಂದು ಯಂತ್ರ ಓಡುತ್ತಿದೆ ಎಂಬಂತೆಯೇ ಮಾತನಾಡುತ್ತಾರೆ. ನಮ್ಮ ಮನೆಯಲ್ಲಿ ಇವತ್ತು ಯಾವ ಸಾರು ಎಂಬುದು ಓಣಿಗೆಲ್ಲ ಗೊತ್ತು. ನನ್ನ ಕಥೆ ಕೇಳಿ ಅವರು ಫ್ಯಾಕ್ಟರಿಯ ಪರಿಹಾರವನ್ನೇ ಕೊಟ್ಟರು. ಒಂದು ಸೂಚನೆ ಬರೆದು ಅಂಟಿಸಿಬಿಡು, ಹೆಸರು ಹಿಡಿದು ಹೇಳಿದ ಹಾಗೂ ಆಗುವುದಿಲ್ಲ ಎಂದರು.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಬರೆದೆ: "ಕಚೇರಿ ಸಮಯದಲ್ಲಿ ದೂರವಾಣಿಯ ಧ್ವನಿವರ್ಧಕವನ್ನು ಉಪಯೋಗಿಸತಕ್ಕದ್ದಲ್ಲ. ಸದರಿ ಸೂಚನೆಯನ್ನು ಎಲ್ಲರೂ ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು." ಕೆಳಗೆ ಸಹಿ ಹಾಕಲಿಲ್ಲ. ಧೈರ್ಯ ಬೇರೆ, ಸಹಿ ಬೇರೆ. ಗುರವರ ಮೇಜಿನ ಎದುರಿನ ಗೋಡೆಗೆ ಅಂಟಿಸಿ, ಏನೂ ಅರಿಯದವಳಂತೆ ಕುಳಿತೆ.

ಗುರವರು ಬಂದರು. ನಿಂತು ಓದಿದರು. ಗಾಳಿಗೆ ಒಂದು ಮೂಲೆ ಎದ್ದಿತ್ತು. ಅವರು ಗೋಂದಿನ ಬಾಟಲಿ ತಂದು, ನಾಲ್ಕೂ ಮೂಲೆಗಳನ್ನು ಸರಿಯಾಗಿ ಅಂಟಿಸಿ, ಅಂಗೈಯಿಂದ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಸೊಟ್ಟ ಇರಲಿಲ್ಲ. ಹನ್ನೆರಡೂವರೆಗೆ ಅದರ ಕೆಳಗೇ ಕುಳಿತು ಸ್ಪೀಕರ್ ಒತ್ತಿದರು. ಆ ದಿನ ಎಮ್ಮೆ ಕಾಡಿಗೆ ಹೋದದ್ದು ಮರಳಿ ಬಂದಿರಲಿಲ್ಲ.

ನಾನು ಸೋಲೊಪ್ಪುವವಳಲ್ಲ. ಭಾನುವಾರ ಖಡೇಬಜಾರಕ್ಕೆ ಹೋಗಿ, ಒಳ್ಳೆಯ ಇಯರ್‌ಫೋನ್ ಒಂದನ್ನು ತಂದೆ. ಮನೆಯಲ್ಲಿ ಎರಡಿದ್ದವು, ಒಂದು ಸುಮ್ಮನೆ ಬಿದ್ದಿತ್ತು ಎಂದು ಸುಳ್ಳು ಹೇಳಿ ಸೋಮವಾರ ಗುರವರಿಗೆ ಕೊಟ್ಟೆ. ಅವರು ಎರಡೂ ಕೈ ಚಾಚಿ ತೆಗೆದುಕೊಂಡರು. ಹಾಗೆ ತೆಗೆದುಕೊಂಡದ್ದು ನೋಡಿ ನನಗೆ ಸ್ವಲ್ಪ ನಾಚಿಕೆಯಾಯಿತು. ಸ್ವಲ್ಪವೇ.

ಹನ್ನೆರಡೂವರೆ ಹೊಡೆಯಿತು. ಗುರವರು ಇಯರ್‌ಫೋನ್ ಕಿವಿಗೆ ಸಿಕ್ಕಿಸಿದರು. ಕಚೇರಿಯಲ್ಲಿ ನಾನು ಬಂದ ದಿನದಿಂದ ಕೇಳದಿದ್ದ ನಿಶ್ಶಬ್ದ. ನಾನು ಕಣ್ಣುಮುಚ್ಚಿ ಅದನ್ನು ಅನುಭವಿಸುತ್ತಿರುವಾಗಲೇ ಗುರವರು ಕೂಗಿದರು. ಅವರಿಗೆ ತಾಈ ಹೇಳುವುದು ಕೇಳಿಸುತ್ತಿರಲಿಲ್ಲ. ತಾಈಗೂ ಕೇಳಿಸುತ್ತಿಲ್ಲವೆಂದು ತಿಳಿದು ಎದ್ದು ನಿಂತು, ಇನ್ನೂ ಜೋರಾಗಿ ಕೂಗಿದರು. ಅದೇ ಹೊತ್ತಿಗೆ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ನಿವೃತ್ತ ಶಿಕ್ಷಕಿಯೊಬ್ಬರು ಕೊಡೆ ಮಡಚುತ್ತ ಬಾಗಿಲಲ್ಲಿ ಕಾಣಿಸಿಕೊಂಡರು. ಗುರವರ ದೃಷ್ಟಿ ನೇರ ಅವರ ಮೇಲೆಯೇ ಇತ್ತು.

"ಮ್ಹೈಸ ಆಲೀ ಕಾ?" ಎಂದು ಗುರವರು ಕಟ್ಟಡ ನಡುಗುವಂತೆ ಕೇಳಿದರು.

ಎಮ್ಮೆ ಬಂತೇ ಎಂದು ಅದರ ಅರ್ಥ. ಖಾನಾಪುರದಲ್ಲಿ ಇದನ್ನು ಯಾರಿಗೂ ಅನುವಾದ ಮಾಡಿ ಹೇಳಬೇಕಾಗಿಲ್ಲ.

ಊರೆಲ್ಲ ಬಾಯಾರು ಎಂದು ಕರೆಯುವ ಆ ಶಿಕ್ಷಕಿ ಬಾಗಿಲಲ್ಲೇ ನಿಂತರು. ಕೊಡೆ ಅರ್ಧ ಮಡಚಿದ್ದು ಹಾಗೆಯೇ ಉಳಿಯಿತು.

"ಮೂವತ್ತ ವರ್ಷ ಸಾಲಿ ಕಲಿಸೇನಿ," ಎಂದರು. "ಹಿಂಗ ಯಾರೂ ಕರದಿಲ್ಲ."

ಮಲ್ಲಪ್ಪ ಕುರ್ಚಿ ತಂದ. ಗಿರಿಜಾ ನೀರು ತಂದಳು. ಕಾಡಿಗೆ ಹೋದ ಎಮ್ಮೆಯ ಕಥೆಯನ್ನು ನಾನು ಮೊದಲಿಂದ ವಿವರಿಸತೊಡಗಿದೆ. ಎಮ್ಮೆ ಎಂಬ ಮಾತು ನನ್ನ ಬಾಯಲ್ಲಿ ಬಂದಷ್ಟೂ ಬಾಯಾರ ಮುಖ ಬಿಗಿಯುತ್ತ ಹೋಯಿತು. ಕೊನೆಗೆ ಸಾಹೇಬರು ಹೊರಗೆ ಬಂದು ಕ್ಷಮೆ ಕೇಳಿ, ಬಾಯಾರ ಕೆಲಸವನ್ನು ತಾವೇ ಮಾಡಿಸಿ ಕಳಿಸಿದರು. ಆಮೇಲೆ ಗುರವರನ್ನು ಒಳಗೆ ಕರೆದರು. ಬಾಗಿಲು ತೆರೆದೇ ಇತ್ತು. ಕೌಂಟರಿನಲ್ಲಿ ಇನ್ನೊಮ್ಮೆ ಹೀಗಾದರೆ ಬರವಣಿಗೆಯಲ್ಲಿ ಕೇಳಬೇಕಾಗುತ್ತದೆ, ನಿವೃತ್ತಿಯ ಹೊತ್ತಿಗೆ ಇದೆಲ್ಲ ಬೇಡ ಎಂದು ಅವರು ಹೇಳಿದ್ದು ನಮಗೆಲ್ಲ ಕೇಳಿಸಿತು.

ಗುರವರು ಹೊರಗೆ ಬಂದು ಇಯರ್‌ಫೋನಿನ ತಂತಿಯನ್ನು ನಾಲ್ಕು ಬೆರಳಿಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ನನ್ನ ಮೇಜಿನ ಮೇಲೆ ಇಟ್ಟರು. "ಛಲೋ ಅದರಿ ಮೇಡಂ. ನನಗ ಹೊಂದಲಿಲ್ಲ," ಎಂದಷ್ಟೇ ಹೇಳಿದರು. ಮಧ್ಯಾಹ್ನವೆಲ್ಲ ದಾಖಲೆ ಕೋಣೆಯಿಂದ ಹೊರಗೆ ಬರಲಿಲ್ಲ.

ಅವತ್ತು ಬಸ್ಸಿನಲ್ಲಿ ಮನಸ್ಸು ಸರಿಯಿರಲಿಲ್ಲ. ತಪ್ಪು ನನ್ನದಲ್ಲ ಎಂದು ಖಾನಾಪುರದಿಂದ ಬೆಳಗಾವಿಯವರೆಗೆ ನನಗೆ ನಾನೇ ಹೇಳಿಕೊಂಡೆ. ಅಷ್ಟು ಸಲ ಹೇಳಿಕೊಳ್ಳಬೇಕಾಯಿತು ಎಂದರೆ ಏನು ಅರ್ಥವೆಂದು ಯೋಚಿಸಲಿಲ್ಲ. ಮನೆಗೆ ಬಂದು, ನನ್ನಿಂದಾಗಿ ಗುರವರು ಸಾಹೇಬರಿಂದ ಬೈಸಿಕೊಂಡರು ಎಂದು ಮನೆಯವರಿಗೆ ಹೇಳಿ ಹಗುರಾದೆ.

ಮರುದಿನ ಊಟದ ಹೊತ್ತು. ನಾವು ನಾಲ್ವರೂ ಗಿರಿಜಾಳ ಮೇಜಿನ ಸುತ್ತ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದೆವು. ನನ್ನ ಕೈಯಲ್ಲಿ ರೊಟ್ಟಿ, ಬೆರಳಿನ ತುಂಬ ಕಡಲೆಹಿಟ್ಟಿನ ಝುಣಕ. ನಮ್ಮ ಮನೆಯವರ ಫೋನು ಬಂತು. ಕಿರುಬೆರಳೊಂದು ಸ್ವಚ್ಛವಿತ್ತು, ಅದರಿಂದಲೇ ಒತ್ತಿದೆ. ಎಲ್ಲಿ ಒತ್ತಿದೆನೋ ದೇವರಿಗೇ ಗೊತ್ತು.

"ಏನಂತಾನ ನಿಮ್ಮ ಲೌಡ್‌ಸ್ಪೀಕರ್ ಮಾಮಾ?" ಎಂದು ಫೌಂಡ್ರಿಯ ಆ ದನಿ ಕಚೇರಿಯಲ್ಲೆಲ್ಲ ಮೊಳಗಿತು. "ನಿನ್ನೆ ಛಲೋತ್ನ್ಯಾಗ ಬೈಸಿಕೊಟ್ಟಿಯಲ್ಲ, ಇವತ್ತರ ಸುಮ್ಮ ಕುಂತಾನೋ ಇಲ್ಲೋ?"

ಸ್ಪೀಕರ್ ಆರಿಸಲು ಒತ್ತಿದೆ. ಪರದೆಯ ಮೇಲೆ ಝುಣಕ ಮೆತ್ತಿತು. ಮತ್ತೆ ಒತ್ತಿದೆ. ದನಿ ಇನ್ನಷ್ಟು ಏರಿತು. ಮನೆಯವರು ಮುಂದುವರಿದು, ಇಯರ್‌ಫೋನ್ ಮರಳಿ ತಂದರೆ ತಾವೇ ಹಾಕಿಕೊಳ್ಳುವುದಾಗಿಯೂ, ಅಂಥ ಮನುಷ್ಯನನ್ನು ಎಮ್ಮೆಯ ಜೊತೆಗೇ ಕಾಡಿಗೆ ಕಳಿಸಬೇಕಾಗಿತ್ತೆಂದೂ ಹೇಳಿದರು. ನಾನು ಫೋನನ್ನು ಸೆರಗಿನಲ್ಲಿ ಸುತ್ತಿ ಅದರ ಮೇಲೆ ಕುಳಿತೆ. ಸೀರೆಯೊಳಗಿಂದ ಅವರು ಎರಡು ಸಲ "ಹಲೋ" ಅಂದರು. ಆಮೇಲೆ ಸುಮ್ಮನಾದರು.

ಗಿರಿಜಾ ಡಬ್ಬಿಯೊಳಗೆ ನೋಡುತ್ತಿದ್ದಳು. ಮಲ್ಲಪ್ಪ ಉಪ್ಪಿನಕಾಯಿಯ ಹೋಳೊಂದನ್ನು ಬಹಳ ಹೊತ್ತು ಅಗಿದ. ನಾನು ಗುರವರ ಕಡೆ ನೋಡಿದೆ. ಅವರು ಶಾಂತವಾಗಿ ಅನ್ನ ಕಲಸುತ್ತಿದ್ದರು. ಗಿರಿಜಾಳ ಹತ್ತಿರ ಇನ್ನೊಂದು ಚಮಚ ಮೊಸರು ಕೇಳಿದರು.

ಕೈ ತೊಳೆಯುವ ನೆಪದಲ್ಲಿ ಗಿರಿಜಾಳ ಹಿಂದೆ ನಲ್ಲಿಯ ಹತ್ತಿರ ಓಡಿದೆ. ದೇವರು ದೊಡ್ಡವನು, ಗುರವರ ಲಕ್ಷ್ಯ ಬೇರೆ ಕಡೆ ಇತ್ತು, ಅವರಿಗೆ ಏನೂ ಕೇಳಿಸಲಿಲ್ಲ ಎಂದೆ. ಗಿರಿಜಾ ನಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ಮೇಡಂ, ಅವರಿಗೆ ಕಿವಿ ಕೇಳಸಂಗಿಲ್ರಿ. ಎಡಗಿವಿ ಪೂರ್ತಿ ಹೋಗೇತಿ, ಬಲಗಿವಿ ಅರ್ಧಾ. ನಿಮಗ ಖರೇನ ಗೊತ್ತಿರಲಿಲ್ಲೇನ್ರಿ?"

ಎರಡು ವರ್ಷದ ಹಿಂದೆ ಜ್ವರ ಬಂದು ಹಾಗಾಯಿತಂತೆ. ಗುರವರು ಯಾರಿಗೂ ಹೇಳಲಿಲ್ಲ. ಇವರು ಯಾರೂ ಕೇಳಲೂ ಇಲ್ಲ. ಗಿರಿಜಾ ಒಂದು ದಿನ ಸುಮ್ಮನೆ ತನ್ನ ಮೇಜನ್ನು ಅವರ ಬಲಕ್ಕೆ ಎಳೆದುಕೊಂಡಳು. ಮಲ್ಲಪ್ಪ ಚೀಟಿ ಬರೆಸುವ ಪದ್ಧತಿ ಶುರು ಮಾಡಿದ. ಫೋನು ಸ್ಪೀಕರಿನಲ್ಲಿಟ್ಟರೆ ಮಾತ್ರ ತಾಈಯ ಮಾತು ಅವರಿಗೆ ತಿಳಿಯುತ್ತಿತ್ತು, ಅದಕ್ಕೆ ಹದಿನೈದು ನಿಮಿಷ ಎಲ್ಲರೂ ತಲೆ ತಗ್ಗಿಸಿ ಕೆಲಸ ಮಾಡುವುದನ್ನು ರೂಢಿಸಿಕೊಂಡರು. ನನಗೆ ಯಾಕೆ ಹೇಳಲಿಲ್ಲವೆಂದು ಕೇಳಿದೆ. ಎರಡು ದಿನದಲ್ಲಿ ನಾನೇ ತಿಳಿದುಕೊಳ್ಳುತ್ತೇನೆ ಎಂದು ಅವರು ನಂಬಿದ್ದರಂತೆ.

ನಾನು ನಲ್ಲಿಯ ಹತ್ತಿರ ನಿಂತೇ ಇದ್ದೆ. ಕಚೇರಿಯ ಪ್ರತಿಯೊಂದು ಸಪ್ಪಳ, ಪ್ರತಿಯೊಂದು ಸೊಟ್ಟ ಮೇಜು ನನ್ನ ಲಕ್ಷ್ಯಕ್ಕೆ ಬಂದಿತ್ತು. ಅವೆಲ್ಲ ಒಬ್ಬ ಮನುಷ್ಯನ ಸುತ್ತ ಮಾಡಿಟ್ಟ ಏರ್ಪಾಡು ಎಂಬುದೊಂದು ಬಂದಿರಲಿಲ್ಲ.

ಮೂರು ಗಂಟೆಗೆ ದಾಖಲೆ ಕೋಣೆಗೆ ಹೋದೆ. ಗುರವರು ಹಳೆಯ ಕಾಗದದ ಗಂಟೊಂದನ್ನು ಕಟ್ಟುತ್ತಿದ್ದರು. ಈ ಸಲ ಅವರ ಬಲಕ್ಕೆ ಹೋಗಿ ನಿಂತೆ. ಇಯರ್‌ಫೋನಿನಿಂದ ಆದ ತೊಂದರೆಗೆ ಕ್ಷಮಿಸಬೇಕು ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವರು ಗಂಟು ಹಾಕುತ್ತಲೇ, ಸೂಚನೆ ಬರೆದವಳು ನಾನೇ ಎಂದೂ ಗೊತ್ತಿತ್ತು, ಮೂವತ್ತು ವರ್ಷ ಅಕ್ಷರ ನೋಡುವ ಕೆಲಸವೇ ತಮ್ಮದು ಎಂದರು. ಫೋನು ಬಿಡುವ ಹಾಗಿರಲಿಲ್ಲ, ಆದ್ದರಿಂದ ಅಂಟಿಸಿದ್ದಾದರೂ ನೆಟ್ಟಗಿರಲಿ ಎಂದು ಗೋಂದು ಹಚ್ಚಿದರಂತೆ.

ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮಧ್ಯಾಹ್ನದ್ದೊಂದು ಅವರಿಗೆ ಗೊತ್ತಿಲ್ಲವಲ್ಲ, ಅಷ್ಟೇ ಸಮಾಧಾನ ಎಂದುಕೊಳ್ಳುತ್ತಿದ್ದೆ. ಗುರವರು ಗಂಟನ್ನು ಮೇಲಿಟ್ಟು ನನ್ನ ಕಡೆ ತಿರುಗಿದರು.

"ನಿಮ್ಮ ಯಜಮಾನ್ರ ದನಿ ಭಾಳ ಛಲೋ ಅದರಿ," ಎಂದರು. "ಎರಡ ವರ್ಷದಾಗ ಒಂದ ಮಾತೂ ತಪ್ಪದಂಗ ನನಗ ಸ್ವಚ್ಛ ಕೇಳಿಸಿದ್ದು ಅಂದ್ರ ಅವರದೊಂದ."

ನಾನು ಅತ್ತುಬಿಟ್ಟೆ. ಅವರು ಗಾಬರಿಯಾಗಿ ಅಲ್ಲಿದ್ದ ಒಂದೇ ಸ್ಟೂಲನ್ನು ಧೂಳು ಒರೆಸಿ ಕೊಟ್ಟು, "ಕುಂದರ್ರಿ, ಕುಂದರ್ರಿ" ಎಂದರು. ಆಮೇಲೆ ತಾವೇ ಮಾತು ತೆಗೆದರು. ಕಿವಿ ಕೇಳುವುದಿಲ್ಲ ಎಂಬುದು ಕಾಗದದ ಮೇಲೆ ಬಂದರೆ ಕೌಂಟರಿನಿಂದ ತೆಗೆಯುತ್ತಾರೆ ಎಂಬ ಹೆದರಿಕೆ ಅವರಿಗೆ. ಒಮ್ಮೆ ಬೆಳಗಾವಿಗೆ ಹೋಗಿ ಡಾಕ್ಟರ ಬಾಗಿಲ ತನಕ ಹೋಗಿ ಮರಳಿ ಬಂದಿದ್ದರಂತೆ.

"ಕಿವ್ಯಾಗ ಮಶೀನ್ ಹಾಕ್ಕೊಂಡ್ರ ಮಂದಿ ಕಿವಿ ನೋಡ್ತಾರ್ರಿ, ಮುಖಾ ನೋಡಂಗಿಲ್ಲ," ಎಂದರು.

ಮುಂದಿನ ರಜೆಯ ಶನಿವಾರ ನಾವು ಗಂಡಹೆಂಡತಿ ಇಬ್ಬರೂ ಜೊತೆಗೆ ಬರುತ್ತೇವೆ, ಈ ಸಲ ಬಾಗಿಲು ದಾಟೋಣ ಎಂದಷ್ಟೇ ಹೇಳಿದೆ. ಮನೆಯವರಿಗೆ ನಡೆದದ್ದನ್ನು ತಿಳಿಸಿದಾಗ ಅವರು ಮೊದಲ ಬಾರಿಗೆ ಪಿಸುದನಿಯಲ್ಲಿ, "ಎಲ್ಲಾ ಕೇಳಿಸಿತೇನ?" ಎಂದು ಕೇಳಿದರು. ಶನಿವಾರ ಬಸ್ ಸ್ಟ್ಯಾಂಡಿಗೆ ಒಂದು ಗಂಟೆ ಮೊದಲೇ ಹೋಗಿ ಗುರವರಿಗಾಗಿ ಕಾದರು. ಡಾಕ್ಟರ ಕೋಣೆಯ ಹೊರಗೆ ಕುಳಿತು ಗುರವರಿಗೆ ಧೈರ್ಯ ತುಂಬಿದರು. ಆ ಧೈರ್ಯ ಎಷ್ಟು ಜೋರಾಗಿತ್ತೆಂದರೆ, ಗುರವರ ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಹೊರಗೆ ಬಂದು, ಇನ್ನೊಬ್ಬರು ಇದ್ದಾರಲ್ಲ, ಅವರೂ ಒಳಗೆ ಬರಲಿ ಎಂದರು.

ಕೆಲವು ದಿನಗಳ ಮೇಲೆ ಒಂದು ಸೋಮವಾರ ಗುರವರು ಬಲಗಿವಿಯಲ್ಲಿ ಮಶೀನು ಹಾಕಿಕೊಂಡು ಬಂದರು. ಯಾರೂ ಕಿವಿ ನೋಡಲಿಲ್ಲ. ಸಾಹೇಬರು ಕೂಡ ನೇರವಾಗಿ ಮುಖವನ್ನೇ ನೋಡಿ ಚಹಾ ಆಯಿತೇ ಎಂದು ಕೇಳಿ ಹೋದರು. ಗುರವರು ತಮ್ಮ ಮೇಜಿನ ಖಾನೆಯನ್ನು ಎಳೆದರು, ಮುಚ್ಚಿದರು, ಮತ್ತೆ ಎಳೆದರು. ಅದು ಸಪ್ಪಳ ಮಾಡುತ್ತದೆಂಬುದನ್ನು ಅವರು ಮರೆತಿದ್ದರಂತೆ. ಆಮೇಲೆ ಫ್ಯಾನಿನ ಕೆಳಗೆ ಹೋಗಿ ತಲೆಯೆತ್ತಿ ನಿಂತರು. ನಾವೆಲ್ಲ ಕೆಲಸವಿರುವವರ ಹಾಗೆ ಕಾಗದ ತಿರುವುತ್ತಿದ್ದೆವು. ಹನ್ನೆರಡೂವರೆಗೆ ಫೋನನ್ನು ಕಿವಿಗೆ ಹಿಡಿದು ಮೆಲ್ಲಗೆ ಮಾತನಾಡಿದರು. ಸಾಹೇಬರು ಬೈದ ದಿನದಿಂದ ಸ್ಪೀಕರ್ ಬಂದಾಗಿ ಎಮ್ಮೆಯ ಸುದ್ದಿಯೂ ನಿಂತುಹೋಗಿತ್ತು, ಗಿರಿಜಾಳಿಗೆ ತಡೆಯಲಾಗಲಿಲ್ಲ. ಮಾತು ಮುಗಿದ ಕೂಡಲೇ ಎಮ್ಮೆಯ ಸಮಾಚಾರ ಕೇಳಿದಳು. ಎಮ್ಮೆ ಬಂದಿತ್ತು, ಕರು ಹಾಕಿತ್ತು. ಮಲ್ಲಪ್ಪನೂ ನಿಂತು ಕೇಳಿದ. ಒಳಗಿನಿಂದ ಸಾಹೇಬರು ಹೆಣ್ಣುಗರುವೋ ಗಂಡುಗರುವೋ ಎಂದರು.

ಊಟವಾದ ಮೇಲೆ ನಾನು ಒಂದು ದಪ್ಪ ಕಡತ ನೋಡುತ್ತಿದ್ದೆ. ಗುರವರು ಎರಡು ಮೂರು ಸಲ ತಲೆಯೆತ್ತಿ ಗೋಡೆಯ ಕಡೆ ನೋಡಿದರು. ಕೊನೆಗೆ ಎದ್ದು ಕಪಾಟಿನ ಹಿಂದೆ ಇಣುಕಿದರು.

"ಇಲ್ಲೆ ಎಲ್ಲೋ ಹಲ್ಲಿ ಐತಿ ನೋಡ್ರಿ," ಎಂದರು. "ಮುಂಜಾನಿಂದ ಒಂದ ಸವನ ಲೊಚ್ ಲೊಚ್ ಅನ್ನಾಕತ್ತೇತಿ."

ನನಗೇನೂ ಕೇಳಿಸಿರಲಿಲ್ಲ. ಆದರೆ ಗುರವರ ವಿಷಯದಲ್ಲಿ ಈಗ ನಾನು ಯಾರಿಗಿಂತಲೂ ಮುಂದು! ಕಸಬರಿಗೆ ತಂದು, ಕುರ್ಚಿ ಹತ್ತಿ, ಕಪಾಟಿನ ಮೇಲೆ, ದೀಪದ ಪಟ್ಟಿಯ ಹಿಂದೆ ಎಲ್ಲ ಹುಡುಕಿದೆ. ಗಿರಿಜಾ ಮತ್ತು ಮಲ್ಲಪ್ಪ ಮಾತ್ರ ಕುಳಿತಲ್ಲಿಂದ ಅಲ್ಲಾಡಲಿಲ್ಲ. ಇಬ್ಬರೂ ತಲೆ ತಗ್ಗಿಸಿದ್ದರು. ಇಷ್ಟು ಹುಡುಕಿದರೂ ಆ ಹಲ್ಲಿ ಸಿಗುವುದಿಲ್ಲವಲ್ಲ ಎಂದು ಬೇಜಾರಾಗಿ, ಕುರ್ಚಿಯ ಮೇಲೆ ನಿಂತೇ ನಾನು ನಾಲಿಗೆಯಿಂದ ಲೊಚ್ ಎಂದೆ.

ಗುರವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಆಮೇಲೆ ತಮ್ಮ ಜಾಗಕ್ಕೆ ಹೋಗಿ ಕುಳಿತರು.

ನಾನು ಕುರ್ಚಿಯಿಂದ ಇಳಿದು, ಕಸಬರಿಗೆ ಮೂಲೆಗಿಟ್ಟು ಗಿರಿಜಾಳ ಹತ್ತಿರ ಹೋಗಿ, ಎಷ್ಟು ದಿನದಿಂದ ಎಂದು ಮೆಲ್ಲಗೆ ಕೇಳಿದೆ.

"ನೀವು ಬಂದ ದಿನದಿಂದರಿ," ಎಂದಳು. "ಪ್ರತಿ ಹಾಳಿ ತಿರುವಿದಾಗೊಮ್ಮೆ ಲೊಚ್ ಅಂತೀರಿ. ಇರಲಿ ಬಿಡ್ರಿ, ರೂಢಿ ಆಗೇತಿ."

ಸಂಜೆ ಮನೆಗೆ ಹೋಗಿ ಮನೆಯವರನ್ನು ಕೇಳಿದೆ. ಮದುವೆಯಾದಾಗಿನಿಂದ ಇದೆ ಎಂದರು. ಈಗ ನಾನು ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು ಕಡತ ನೋಡುತ್ತೇನೆ. ಲೊಚ್ ಎನ್ನುವುದು ಸಂಪೂರ್ಣ ನಿಂತಿದೆ. ಲವಂಗ ಚೀಪುವ ಸಪ್ಪಳವನ್ನು ಕಚೇರಿಯಲ್ಲಿ ಇದುವರೆಗೆ ಯಾರೂ ಕೇಳಿಸಿಕೊಂಡಿಲ್ಲ.